ಲಡಿಯಲ್ಲಿ ಒಂದು ಬಣ್ಣ, ಕಾಲಲ್ಲಿ ಇನ್ನೊಂದು

ಕೈಯಿಂದ ಬಣ್ಣ ಹಾಕಿದ ಕಾಲುಚೀಲದ ನೂಲನ್ನು ಹಗಲಿನ ಬೆಳಕಿನಲ್ಲಿ, ಲಡಿಯನ್ನು ಪೂರ್ತಿ ಬಿಚ್ಚಿ ನೋಡಬೇಕು. ಅಂಗಡಿಯ ಗೂಡಿನಲ್ಲಿ ಅದು ಬಿಗಿಯಾಗಿ ತಿರುಚಿಕೊಂಡು ಗೇಣುದ್ದಕ್ಕೆ ಮುದುಡಿ ಕೂತಿರುತ್ತದೆ. ಆಗ ಹೊರಗೆ ಕಾಣುವುದು ಒಳಗಿರುವ ಬಣ್ಣಗಳಲ್ಲಿ ಕೆಲವು ಮಾತ್ರ. ತುದಿ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಕೊಡವಿದರೆ 100 ಗ್ರಾಂ ಉಣ್ಣೆ, ಹೆಚ್ಚುಕಡಿಮೆ 400 ಮೀಟರು ನೂಲು, ಒಂದೇ ದೊಡ್ಡ ಸುತ್ತಾಗಿ ಇಳಿಬೀಳುತ್ತದೆ. ಬರೀ ನೀಲಿ ಎಂದುಕೊಂಡದ್ದರ ಒಂದು ಮಗ್ಗುಲಲ್ಲಿ ನವಿಲುಗರಿಯ ಹಸಿರು ಇದೆ, ಇನ್ನೊಂದು ಮಗ್ಗುಲಲ್ಲಿ ನೇರಳೆಹಣ್ಣಿನ ಕಪ್ಪು ಇದೆ, ನಡುವೆ ಎಲ್ಲೋ ಬಣ್ಣ ಸರಿಯಾಗಿ ಇಳಿಯದೆ ತೆಳುವಾಗಿ ಉಳಿದ ಒಂದಿಷ್ಟು ಜಾಗವೂ ಇದೆ ಎಂಬುದು ಆಗ ಗೊತ್ತಾಗುತ್ತದೆ. ದೊಡ್ಡವರ ಒಂದು ಜೊತೆ ಕಾಲುಚೀಲಕ್ಕೆ ಇಷ್ಟು ನೂಲು ಸಾಕು, ಸ್ವಲ್ಪ ಮಿಗುವುದೂ ಉಂಟು.

ಈ ನೂಲಿನ ಚೆಲುವು ಎರಡು ಸಲ ಹುಟ್ಟುತ್ತದೆ: ಬಣ್ಣ ಹಾಕುವವರ ಕೈಯಲ್ಲಿ ಒಮ್ಮೆ, ಹೆಣೆಯುವವರ ಕೈಯಲ್ಲಿ ಇನ್ನೊಮ್ಮೆ. ಲಡಿಯಲ್ಲಿ ಕಂಡ ಬಣ್ಣ ಕಾಲಿನಲ್ಲಿ ಹಾಗೇ ಕಾಣುವುದಿಲ್ಲ. ಆ ಎರಡರ ನಡುವಿನ ವ್ಯತ್ಯಾಸವನ್ನು ಅರಿತು ಸವಿಯುವುದೇ ಇದರ ರಸಿಕತೆ ಎಂದು ನಾನು ನಂಬಿದ್ದೇನೆ. ಲಡಿಯನ್ನಷ್ಟೇ ಮೆಚ್ಚಿ ಸುಮ್ಮನಾದವರಿಗೆ ಸಿಗುವುದು ಅರ್ಧ ರುಚಿ.

ಬಣ್ಣಕ್ಕೆ ಮೊದಲು ನೂಲನ್ನು ನೋಡೋಣ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ಅದರ ಹುಟ್ಟುಗಪ್ಪಿನಲ್ಲೇ ಕುರುಬರ ಕಂಬಳಿಯ ಗಾಂಭೀರ್ಯವಿದೆ, ಅದಕ್ಕೆ ಬಣ್ಣದ ಹಂಗಿಲ್ಲ. ಹಗಲಿಡೀ ಪಾದದ ಚರ್ಮಕ್ಕೆ ಅಂಟಿಕೊಂಡಿರಬೇಕಾದ ಕಾಲುಚೀಲಕ್ಕೆ ಬೇರೆ ಉಣ್ಣೆ ಬೇಕು. ಮೆರಿನೊ ಕುರಿಯ ಉಣ್ಣೆಯ ಎಳೆ ಸುಮಾರು 18ರಿಂದ 21 ಮೈಕ್ರಾನ್ ದಪ್ಪ. ಮನುಷ್ಯರ ತಲೆಗೂದಲಿನ ಸುಮಾರು ಮೂರನೇ ಒಂದು ಭಾಗ. ಅಷ್ಟು ಸಣ್ಣದಾದ್ದರಿಂದ ಚುಚ್ಚುವುದಿಲ್ಲ. ಆದರೆ ಅಷ್ಟೇ ಬೇಗ ಸವೆಯುತ್ತದೆ. ಅದಕ್ಕೆಂದೇ ನೂರಕ್ಕೆ 75 ಪಾಲು ಉಣ್ಣೆಗೆ 25 ಪಾಲು ನೈಲಾನ್ ಬೆರೆಸುವ ಪದ್ಧತಿ ಬಂತು. ಜರ್ಮನಿಯ ರೇಜಿಯಾದಂಥ ಹಳೆಯ ಹೆಸರುಗಳು ಇದೇ ಬೆರಕೆಯನ್ನು ನಾಲ್ಕೆಳೆಯ ನೂಲಾಗಿ, 100 ಗ್ರಾಮಿಗೆ 420 ಮೀಟರಿನಂತೆ ಮಾರುತ್ತಾ ಬಂದಿವೆ. ಕೆಲವರು 80 ಪಾಲು ಮೆರಿನೊ, 10 ಪಾಲು ಕ್ಯಾಶ್ಮೀರ್, 10 ಪಾಲು ನೈಲಾನ್ ಬೆರೆಸುತ್ತಾರೆ. ಅದನ್ನು ಕೆನ್ನೆಗೆ ಒತ್ತಿಕೊಂಡರೆ ಕೆಳಗಿಡಲು ಮನಸ್ಸು ಬರುವುದಿಲ್ಲ, ಆದರೆ ದಿನವೂ ನಡೆಯುವ ಕಾಲಿಗೆ ಅದು ಬಹಳ ದಿನ ತಾಳುವುದೂ ಇಲ್ಲ. ಇತ್ತೀಚೆಗೆ ನೈಲಾನ್ ಬೇಡವೆನ್ನುವವರು ಅದರ ಜಾಗಕ್ಕೆ ಅಂಗೋರಾ ಮೇಕೆಯ ಮೊಹೇರ್ ಬೆರೆಸುತ್ತಿದ್ದಾರೆ. ಅದು ಗಟ್ಟಿ, ಜೊತೆಗೆ ಮಿರುಗನ್ನೂ ಕೊಡುತ್ತದೆ.

ಬೆರಕೆಯಷ್ಟೇ ಮುಖ್ಯವಾದದ್ದು ಹುರಿ. ಒಂಟಿ ಎಳೆಯ ನೂಲು ಬಣ್ಣವನ್ನು ಮೋಹಕವಾಗಿ ತೋರಿಸುತ್ತದೆ, ಆದರೆ ಚಪ್ಪಲಿ–ಬೂಟುಗಳ ತಿಕ್ಕಾಟಕ್ಕೆ ಜುಂಗುಜುಂಗಾಗಿ ಏಳುತ್ತದೆ. ಕಾಲುಚೀಲಕ್ಕೆ ಬೇಕಾದದ್ದು ಬಿಗಿಯಾಗಿ ಹುರಿಗೊಳಿಸಿದ ಎರಡೆಳೆ ಅಥವಾ ನಾಲ್ಕೆಳೆ. ಒಳ್ಳೆಯ ಹುರಿಯ ನೂಲನ್ನು ಎರಡು ಬೆರಳಿನ ನಡುವೆ ಎಳೆದು ಬಿಟ್ಟರೆ ಪುಟಿದು ಹಿಂದಕ್ಕೆ ಬರುತ್ತದೆ. ಅದರ ಮೈ ಗುಂಡಗಿರುವುದರಿಂದ ಪ್ರತಿ ಎಳೆಯ ಉಬ್ಬಿನ ಮೇಲೂ ಬೆಳಕು ಬೇರೆಬೇರೆಯಾಗಿ ಬೀಳುತ್ತದೆ, ಎಳೆಗಳ ಸಂದಿಯಲ್ಲಿ ನೆರಳು ನಿಲ್ಲುತ್ತದೆ. ಒಂದೇ ಪಾತ್ರೆಯಲ್ಲಿ ಬಣ್ಣ ಹಾಕಿದರೂ ಸಡಿಲ ಹುರಿಯ ನೂಲಿನಲ್ಲಿ ಬಣ್ಣ ಮೆತ್ತಗೆ ಹರಡಿಕೊಂಡಂತೆ ಕಾಣುತ್ತದೆ, ಬಿಗಿ ಹುರಿಯದರಲ್ಲಿ ಚುರುಕಾಗಿ ಕಾಣುತ್ತದೆ. ಬಣ್ಣ ಹಾಕುವವರಲ್ಲಿ ಬಲ್ಲವರು ಮೊದಲು ಹುರಿ ಆರಿಸುತ್ತಾರೆ, ಆಮೇಲೆ ಬಣ್ಣ ಕಲಸುತ್ತಾರೆ.

ಮಾರುಕಟ್ಟೆಯ ಬಹುಪಾಲು ಕಾಲುಚೀಲದ ನೂಲು ಸೂಪರ್‌ವಾಶ್ ಆದದ್ದು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ತಿಕ್ಕಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಕ್ಲೋರಿನ್‌ನಿಂದ ಆ ಹುರುಪೆಗಳ ಅಂಚು ಸವೆಸಿ, ಮೇಲೆ ತೆಳ್ಳನೆಯ ರಾಳದ ಪದರ ಕೊಟ್ಟರೆ ಉಣ್ಣೆ ಕುಗ್ಗುವುದಿಲ್ಲ. ಪರಿಸರದ ಕಡೆಯಿಂದ ಈ ಕ್ರಮಕ್ಕೆ ಆಕ್ಷೇಪವಿದೆ, ಆ ಆಕ್ಷೇಪ ನ್ಯಾಯವೂ ಹೌದು. ಆದರೆ ಬಣ್ಣದ ದೃಷ್ಟಿಯಿಂದ ಇದರಿಂದ ಒಂದು ಲಾಭವಾಗುತ್ತದೆ. ನೀರನ್ನು ದೂರ ಇಡುತ್ತಿದ್ದ ಹೊರಪದರ ಹೋದದ್ದರಿಂದ ಬಣ್ಣ ಬೇಗ ಹಿಡಿಯುತ್ತದೆ, ದಟ್ಟವಾಗಿ ಹಿಡಿಯುತ್ತದೆ. ಕೈಬಣ್ಣದ ನೂಲಿನ ಕಡುಗೆಂಪು, ಗಾಢ ನೀಲಿಗಳ ತೀವ್ರತೆಗೆ ಇದೂ ಒಂದು ಕಾರಣ. ಸೂಪರ್‌ವಾಶ್ ಆಗದ ಉಣ್ಣೆಯಲ್ಲಿ ಅದೇ ಬಣ್ಣ ತುಸು ಮಬ್ಬಾಗಿ, ಮೆಲುವಾಗಿ ಕೂರುತ್ತದೆ. ಅದಕ್ಕೂ ಅದರದೇ ಅಭಿಮಾನಿಗಳಿದ್ದಾರೆ.

ಈಗ ಹಂಡೆಯ ಕಡೆಗೆ ಬರೋಣ. ಉಣ್ಣೆ ಪ್ರೊಟೀನು. ನೀರಿಗೆ ನಿಂಬೆ ಉಪ್ಪನ್ನೋ ವಿನೆಗರನ್ನೋ ಹಾಕಿ ಹುಳಿಯಾಗಿಸಿದರೆ ಉಣ್ಣೆಯೊಳಗಿನ ಅಮೈನೊ ಗುಂಪುಗಳು ಧನ ವಿದ್ಯುದಂಶ ಪಡೆಯುತ್ತವೆ. ಆಸಿಡ್ ಡೈ ಎಂದು ಕರೆಯುವ ಬಣ್ಣಗಳ ಕಣಗಳಲ್ಲಿರುವುದು ಋಣ ವಿದ್ಯುದಂಶ. ಎರಡೂ ಒಂದನ್ನೊಂದು ಸೆಳೆಯುತ್ತವೆ. ನೀರನ್ನು ಕುದಿಯಲು ಬಿಡದೆ, ಕುದಿಯುವ ಹಂತಕ್ಕೆ ಸ್ವಲ್ಪ ಕೆಳಗೆ, ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಬಣ್ಣ ಎಳೆಯೊಳಗೆ ಸೇರಿ ನೆಲೆಸುತ್ತದೆ. ನೈಲಾನ್‌ನಲ್ಲಿಯೂ ಅಂಥದೇ ಗುಂಪುಗಳಿರುವುದರಿಂದ ಅದೂ ಜೊತೆಯಲ್ಲೇ ಬಣ್ಣ ಹಿಡಿಯುತ್ತದೆ. ಲೆಕ್ಕ ಸರಿಯಾಗಿದ್ದರೆ ಕೊನೆಗೆ ಬಣ್ಣವೆಲ್ಲ ನೂಲಿನಲ್ಲಿ, ಹಂಡೆಯಲ್ಲಿ ಬರೀ ತಿಳಿನೀರು. ರಸಾಯನದ ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುವ ಈ ಸಂಗತಿಯನ್ನು ಕಣ್ಣಾರೆ ನೋಡುವುದು ಬೇರೆಯೇ ಸಂತೋಷ. ರಕ್ತಗೆಂಪಾಗಿದ್ದ ನೀರು ನೋಡನೋಡುತ್ತ ಗುಲಾಬಿಯಾಗಿ, ಆಮೇಲೆ ಬಣ್ಣವೇ ಇಲ್ಲದಾಗಿ, ತಳದ ಲಡಿ ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಹಿಡಿಯುವುದಿಲ್ಲ ಎಂಬುದರಲ್ಲಿ ಈ ಕಲೆಯ ಅರ್ಧ ಸೊಗಸು ಅಡಗಿದೆ. ಕೆಂಪು ಬಣ್ಣಗಳು ಮುಂದಾಗಿ ನುಗ್ಗುತ್ತವೆ, ಕೆಲವು ನೀಲಿಗಳು, ಅದರಲ್ಲೂ ಟರ್ಕಾಯ್ಸ್, ತಡವಾಗಿ ಬರುತ್ತವೆ. ಕೆಂಪು ನೀಲಿ ಬೆರೆಸಿ ಮಾಡಿದ ನೇರಳೆಯನ್ನು ಒಣ ಪುಡಿಯಾಗಿ ಒದ್ದೆ ಉಣ್ಣೆಯ ಮೇಲೆ ಚಿಮುಕಿಸಿದರೆ, ಅಥವಾ ಹುಳಿ ಹೆಚ್ಚಾದ ನೀರಿನಲ್ಲಿ ಒಮ್ಮೆಲೇ ಸುರಿದರೆ, ಅದು ಒಡೆಯುತ್ತದೆ: ಬಿದ್ದ ಕಡೆ ಗುಲಾಬಿ ನಿಂತು, ಅಂಚಿನಲ್ಲಿ ನೀಲಿ ಸರಿದು ಹೋಗುತ್ತದೆ. ಕಪ್ಪೂ ಹಲವು ಬಣ್ಣಗಳ ಬೆರಕೆಯೇ ಆದ್ದರಿಂದ, ಒಡೆದಾಗ ಅದರೊಳಗಿಂದ ಏನೇನೋ ಹೊರಬರುತ್ತವೆ. ಕಾರ್ಖಾನೆಯಲ್ಲಿ ಇದು ದೋಷ, ಅದನ್ನು ತಡೆಯಲು ದುಬಾರಿ ಏರ್ಪಾಟುಗಳಿವೆ. ಕೈಯಿಂದ ಬಣ್ಣ ಹಾಕುವವರು ಇದನ್ನು ಬೇಕೆಂದೇ ಕರೆಯುತ್ತಾರೆ. ಹುಳಿ ಯಾವಾಗ ಹಾಕಬೇಕು, ಮೊದಲೋ ಕೊನೆಗೋ, ನೀರು ಎಷ್ಟಿರಬೇಕು, ಲಡಿಯನ್ನು ಯಾವಾಗ ತಿರುವಬೇಕು, ಯಾವಾಗ ಮುಟ್ಟದೆ ಬಿಡಬೇಕು ಎಂಬ ತಿಳಿವಿನಲ್ಲಿದೆ ಅವರ ಕೈಗುಣ.

ಈ ಕೈಗುಣ ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಉರುಗ್ವೆಯಲ್ಲಿ ಹಳ್ಳಿಯ ಹೆಂಗಸರ ಸಹಕಾರ ಸಂಘಗಳಿಂದ 1968ರಲ್ಲಿ ರೂಪುಗೊಂಡ ಮಾನೋಸ್ ದೆಲ್ ಉರುಗ್ವೆ ಇದೆ. ಅದೇ ದೇಶದ ಮಾಂಟೆವಿಡಿಯೊದಲ್ಲಿ 2005ರಲ್ಲಿ ಶುರುವಾದ ಮಾಲಾಬ್ರಿಗೊ ಇದೆ. ಮಾಲಾಬ್ರಿಗೊ ನೂಲನ್ನು ಹಂಡೆಯಲ್ಲಿ ಅದ್ದಿ ತೆಗೆದಾಗ ಒಂದೇ ಬಣ್ಣದೊಳಗೆ ಬಿಸಿಲು ನೆರಳು ಎರಡೂ ಇರುತ್ತವೆ. ಎರಡು ಲಡಿ ಒಂದೇ ತರಹ ಇರುವುದು ಅಪರೂಪ. ಕೆನಡಾದ ಒಂಟಾರಿಯೊದಲ್ಲಿ ಮಾಯಿ ಲಾಂಡ್ರಾ ಮತ್ತು ಮಗಳು ತಾಯು ಲಾಂಡ್ರಾ ಕಟ್ಟಿ ಬೆಳೆಸಿದ ಕೊಯ್ಗು ಇನ್ನೊಂದು ಬಗೆ. ಅವರ ನೂಲು ನೈಲಾನ್ ಇಲ್ಲದ ಅಪ್ಪಟ ಮೆರಿನೊ, ಬಿಗಿ ಹುರಿಯ ಎರಡೆಳೆ. ಅದರ ಮೇಲೆ ಚಿತ್ರಕಾರರು ಕುಂಚ ಆಡಿಸುವಂತೆ ಬಣ್ಣ ಬಳಿಯುತ್ತಾರೆ. ಐರ್ಲೆಂಡಿನ ಕಾರ್ಕ್‌ನ ಹೆಡ್ಜ್‌ಹಾಗ್ ಫೈಬರ್ಸ್‌ನಲ್ಲಿ ಬೇಯಾಟಾ ಯೆಜೆಕ್ ಅವರ ಕೈ ಚುಕ್ಕೆಗಳಿಗೆ ಹೆಸರಾದದ್ದು. ತಿಳಿ ಹಾಲುಬಿಳುಪಿನ ಮೇಲೆ ಅಲ್ಲೊಂದು ಇಲ್ಲೊಂದು ಹಳದಿ, ಇದ್ದಿಲುಗಪ್ಪು, ಕಣ್ಣು ಕುಕ್ಕುವ ಗುಲಾಬಿ. ಇಂಥ ಹೆಸರುಗಳ ಆಚೆಗೂ ಮನೆಯ ಹಿತ್ತಿಲಿನಲ್ಲಿ, ಹಳೆಯ ಗ್ಯಾರೇಜಿನಲ್ಲಿ ಹಂಡೆ ಇಟ್ಟುಕೊಂಡು ಒಬ್ಬರೇ ಬಣ್ಣ ಹಾಕುವವರು ಎಷ್ಟೋ ಮಂದಿ. ಭಾರತದಲ್ಲಿಯೂ ಅಂಥವರಿದ್ದಾರೆ.

ತಾನಾಗಿ ಪಟ್ಟೆ ಬೀಳುವ ನೂಲಿನ ಹಿಂದಿನ ದುಡಿಮೆಯನ್ನೂ ಹೇಳಬೇಕು. ಸಾಧಾರಣ ಲಡಿಯ ಸುತ್ತಳತೆ ಒಂದೂವರೆಯಿಂದ ಎರಡು ಮೀಟರು. ಕಾಲುಚೀಲದಲ್ಲಿ ಹತ್ತು ಸುತ್ತಿನಷ್ಟು ಅಗಲದ ಕೆಂಪು ಪಟ್ಟೆ ಬೀಳಬೇಕಾದರೆ ಕೆಂಪು ಬಣ್ಣವೇ ಸುಮಾರು ಆರು ಮೀಟರು ಉದ್ದಕ್ಕಿರಬೇಕು, ಆಮೇಲೆ ಹಳದಿ ಇನ್ನಾರು ಮೀಟರು. ಅಷ್ಟು ದೊಡ್ಡ ಲಡಿಯನ್ನು ಗೂಟಗಳ ಮೇಲೆ ಹಾದುಹಾದು ಸುತ್ತಬೇಕು, ಪ್ರತಿ ಭಾಗವನ್ನೂ ಬೇರೆ ಪಾತ್ರೆಗೆ ಇಳಿಸಬೇಕು, ಒಂದರ ಬಣ್ಣ ಇನ್ನೊಂದಕ್ಕೆ ಹರಿಯದಂತೆ ಕಾಯಬೇಕು, ಒಣಗಿದ ಮೇಲೆ ಮತ್ತೆ ಚಿಕ್ಕ ಲಡಿಯಾಗಿ ಸುತ್ತಬೇಕು. ಜರ್ಮನಿಯ ಓಪಲ್‌ನಂಥ ಯಂತ್ರದ ನೂಲು ಇದೇ ಪಟ್ಟೆಗಳನ್ನು ಅಚ್ಚು ತಪ್ಪದೆ ಕೊಡುತ್ತದೆ, ಬೆಲೆಯೂ ಕಡಿಮೆ, ಬಾಳಿಕೆಯೂ ಚೆನ್ನ. ಅದನ್ನು ಹೀಗಳೆಯುವ ಕಾರಣವಿಲ್ಲ. ಆದರೆ ಕೈಬಣ್ಣದ ಪಟ್ಟೆಯ ಅಂಚಿನಲ್ಲಿ ಕೆಂಪು ಹಳದಿಗೆ ದಾಟುವ ಬೆರಳಗಲದ ಕಿತ್ತಳೆ ಇರುತ್ತದೆಯಲ್ಲ, ಅದು ಕೈಬಣ್ಣದಲ್ಲಿ ಪ್ರತಿ ಸಲವೂ ತುಸು ಬೇರೆಯಾಗಿ ಬರುತ್ತದೆ.

ಇಷ್ಟೆಲ್ಲ ಆದ ನೂಲು ಹೆಣೆಯುವವರ ಕೈಗೆ ಬಂದಾಗ ಮೊದಲ ಕೆಲಸ ಲಡಿಯನ್ನು ಉಂಡೆ ಮಾಡುವುದು. ಆಗಲೇ ಬಣ್ಣಗಳು ಜಾಗ ಬದಲಿಸುತ್ತವೆ. ಲಡಿಯಲ್ಲಿ ಒತ್ತಟ್ಟಿಗೆ ಸೇರಿದ್ದ ನೀಲಿಯೆಲ್ಲ ಈಗ ಬಿಡಿಬಿಡಿಯಾಗಿ, ಪ್ರತಿ ಒಂದೂವರೆ ಎರಡು ಮೀಟರಿಗೊಮ್ಮೆ ಬರುವ ತುಣುಕಾಗುತ್ತದೆ. ಲಡಿಯಲ್ಲಿ ಗಂಭೀರವಾಗಿ ಕಂಡದ್ದು ಉಂಡೆಯಲ್ಲಿ ಚೆಲ್ಲಾಟದಂತೆ ಕಾಣಬಹುದು. ಅಲ್ಲಿಗೇ ಬೇಸರಪಡಬೇಕಾಗಿಲ್ಲ, ಹೆಣಿಗೆಯಲ್ಲಿ ಅದು ಇನ್ನೊಮ್ಮೆ ಬದಲಾಗುತ್ತದೆ.

ಇದರ ಹಿಂದೆ ಸರಳವಾದ ಲೆಕ್ಕವಿದೆ. 2.25 ಮಿಲಿಮೀಟರು ಕಡ್ಡಿಗಳಲ್ಲಿ 64 ಕುಣಿಕೆ ಹಾಕಿ ಹೆಣೆದರೆ ಒಂದು ಸುತ್ತಿಗೆ ಸುಮಾರು 60 ಸೆಂಟಿಮೀಟರು ನೂಲು ಹಿಡಿಯುತ್ತದೆ. ಲಡಿಯ ಸುತ್ತಳತೆ 180 ಸೆಂಟಿಮೀಟರು ಇದ್ದರೆ ಮೂರು ಸುತ್ತಿಗೊಮ್ಮೆ ಅದೇ ಬಣ್ಣ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಆಗ ಬಣ್ಣಗಳು ಒಂದರ ಮೇಲೊಂದು ಕೂತು ಮಡುಗಟ್ಟುತ್ತವೆ. ಹೆಣೆಯುವವರು ಇದನ್ನು ಪೂಲಿಂಗ್ ಎನ್ನುತ್ತಾರೆ. ಎರಡೇ ಎರಡು ಕುಣಿಕೆ ಹೆಚ್ಚಿಸಿದರೂ ಸಾಕು, ಬಣ್ಣ ಸುತ್ತಿನಿಂದ ಸುತ್ತಿಗೆ ಕೊಂಚ ಸರಿಯುತ್ತ ಹೋಗಿ ಕಾಲಿನ ಸುತ್ತ ಓರೆಯಾಗಿ ಏರುತ್ತದೆ. ಕೈಯ ಬಿಗಿ ಬದಲಾದರೂ ಇದು ಬದಲಾಗುತ್ತದೆ. ಒಂದೇ ಲಡಿಯನ್ನು ಹಂಚಿಕೊಂಡು ಇಬ್ಬರು ಗೆಳತಿಯರು ಹೆಣೆದರೆ ಎರಡು ಕಾಲುಚೀಲಗಳ ಚಿತ್ರ ಎರಡು ತೆರನಾಗುತ್ತದೆ.

ಹಿಮ್ಮಡಿಯ ಹತ್ತಿರ ಬಂದಾಗ ಈ ಆಟ ಅತ್ಯಂತ ಸೊಗಸಾಗುತ್ತದೆ. ಹಿಮ್ಮಡಿಯ ಪಟ್ಟಿಯನ್ನು ಅರ್ಧ ಕುಣಿಕೆಗಳ ಮೇಲಷ್ಟೇ ಹಿಂದೆ ಮುಂದೆ ಹೆಣೆಯುವುದರಿಂದ ಬಣ್ಣಗಳ ನಡಿಗೆ ಬದಲಾಗಿ ಅಗಲವಾದ ಪಟ್ಟೆಗಳು ಮೂಡುತ್ತವೆ. ಗಟ್ಟಿಯಾಗಲೆಂದು ಒಂದು ಬಿಟ್ಟು ಒಂದು ಕುಣಿಕೆಯನ್ನು ಹೆಣೆಯದೆ ಜಾರಿಸುತ್ತಾರಲ್ಲ, ಆ ಜಾರಿಸಿದ ಕುಣಿಕೆ ಕೆಳಗಿನ ಸಾಲಿನ ಬಣ್ಣವನ್ನು ಮೇಲಿನ ಸಾಲಿಗೆ ಎಳೆದು ತರುತ್ತದೆ. ಹೀಗೆ ಎರಡು ಬಣ್ಣಗಳು ನೇಯ್ದಂತೆ ಬೆರೆಯುತ್ತವೆ. ಆಮೇಲೆ ಪಟ್ಟಿಯ ಎರಡೂ ಅಂಚಿನಲ್ಲಿ ಹೊಸ ಕುಣಿಕೆ ಎತ್ತಿಕೊಂಡಾಗ ಎಣಿಕೆ ಹೆಚ್ಚುತ್ತದೆ, ಅಲ್ಲಿಯವರೆಗೆ ಮಡುಗಟ್ಟಿದ್ದ ಬಣ್ಣವೆಲ್ಲ ಚದುರುತ್ತದೆ. ಸುತ್ತು ಬಿಟ್ಟು ಸುತ್ತಿಗೆ ಎರಡೆರಡು ಕುಣಿಕೆ ಕಡಿಮೆ ಮಾಡುತ್ತ ಮತ್ತೆ 64ಕ್ಕೆ ಬಂದಾಗ ಬಣ್ಣಗಳು ಮರಳಿ ಒಂದೆಡೆ ಸೇರುತ್ತವೆ. ಕಾಲಿನ ಆಕಾರವೇ ಬಣ್ಣವನ್ನು ಹೀಗೆ ನಡೆಸುವುದನ್ನು ಇನ್ನಾವ ಹೆಣಿಗೆಯಲ್ಲಿಯೂ ಇಷ್ಟು ಹತ್ತಿರದಿಂದ ನೋಡಲಾಗುವುದಿಲ್ಲ.

ಬಹಳ ಬಣ್ಣಗಳ ನೂಲಿಗೆ ಯಾವ ವಿನ್ಯಾಸ ಒಪ್ಪುತ್ತದೆ ಎಂಬುದು ಹಳೆಯ ಚರ್ಚೆ. ತೂತುತೂತಾದ ಜಾಲರಿಯನ್ನೋ ತೆಳ್ಳನೆಯ ತಿರುಚುಗಳನ್ನೋ ಹೆಣೆದರೆ ಬಣ್ಣಗಳ ಗದ್ದಲದಲ್ಲಿ ಹೆಣಿಗೆ ಕಳೆದುಹೋಗುತ್ತದೆ. ಕುಕಿ ಎ ಎಂಬ ವಿನ್ಯಾಸಕಿ 2006ರಲ್ಲಿ ಕೊಟ್ಟ ಮಂಕಿ ಎಂಬ ಕಾಲುಚೀಲ ಲೋಕದ ತುಂಬ ಹರಡಿದ್ದಕ್ಕೆ ಒಂದು ಕಾರಣ, ಅದರ ಅಲೆಗಳು ಕೈಬಣ್ಣದ ನೂಲನ್ನು ಸೊಗಸಾಗಿ ತೂಗಿಸಿಕೊಂಡು ಹೋದದ್ದು. ಸಂದೇಹವಿದ್ದಾಗ ಏನೂ ವಿನ್ಯಾಸವಿಲ್ಲದ ಬರಿಯ ನೇರ ಹೆಣಿಗೆಯೇ ಚೆಂದ. ಬಣ್ಣಕ್ಕೆ ಹೇಳಲು ಬಹಳ ಇದ್ದಾಗ ಕಡ್ಡಿ ಸುಮ್ಮನಿರುವುದು ಮರ್ಯಾದೆ.

ಎಲ್ಲ ಬಗೆಗಳನ್ನೂ ಮೆಚ್ಚಿದ ಮೇಲೆ ನನ್ನ ಒಲವನ್ನು ಹೇಳಿಬಿಡುತ್ತೇನೆ. ಕೈಬಣ್ಣದ ನೂಲಿನಲ್ಲಿ ಅತಿ ಶ್ರೇಷ್ಠವಾದದ್ದು ಹಲವು ಬಣ್ಣಗಳದ್ದೂ ಅಲ್ಲ, ಚುಕ್ಕೆಗಳದ್ದೂ ಅಲ್ಲ. ದೂರದಿಂದ ಒಂದೇ ಬಣ್ಣವಾಗಿ ಕಾಣುವ, ಸೆಮಿ ಸಾಲಿಡ್ ಎನ್ನುವ ನೂಲು. ಯಂತ್ರದ ಒಂದೇ ಬಣ್ಣ ಗಮಕವಿಲ್ಲದೆ ಹಿಡಿದ ಸ್ವರ. ಶುದ್ಧವಾಗಿದೆ, ಆದರೆ ಅಲ್ಲೇ ನಿಂತಿದೆ. ಕೈಬಣ್ಣದ ಅರಿಸಿನ ಹಳದಿಯಲ್ಲಿ ಒಂದು ಕುಣಿಕೆ ಚಿನ್ನದತ್ತ ವಾಲುತ್ತದೆ, ಪಕ್ಕದ್ದು ಜೇನಿನತ್ತ, ಮುಂದಿನದು ಒಣಹುಲ್ಲಿನತ್ತ. ಯಾವುದೂ ಹಳದಿಯ ಎಲ್ಲೆ ದಾಟುವುದಿಲ್ಲ. ಇಂಥ ನೂಲಿನಲ್ಲಿ ಜಾಲರಿ ಹೆಣೆದರೂ ತಿರುಚು ಹೆಣೆದರೂ ಅದು ಸ್ಪಷ್ಟವಾಗಿ ಏಳುತ್ತದೆ. ಬಣ್ಣವೂ ಉಳಿಯುತ್ತದೆ, ಹೆಣಿಗೆಯೂ ಉಳಿಯುತ್ತದೆ. ಬಣ್ಣ ಹಾಕುವವರಿಗೂ ಇದೇ ಕಷ್ಟದ ಕೆಲಸ. ಆರು ಬಣ್ಣಗಳ ಲಡಿಯಲ್ಲಿ ಒಂದು ಅಂಕೆ ಮೀರಿದರೆ ಉಳಿದವು ಅದನ್ನು ಮುಚ್ಚುತ್ತವೆ. ಒಂದೇ ಬಣ್ಣದ ಲಡಿಯಲ್ಲಿ ಅಂಥ ಆಸರೆಯಿಲ್ಲ.

ಕಾಲುಚೀಲಕ್ಕೆ ಇಷ್ಟು ಬಣ್ಣದ ಹುಚ್ಚು ಇಂದಿನದೇನೂ ಅಲ್ಲ. ಈಜಿಪ್ಟಿನ ಅಂತಿನೊಪೊಲಿಸ್ ಎಂಬ ಹಳೆಯ ಪಟ್ಟಣದ ತಿಪ್ಪೆಯಲ್ಲಿ 1913–14ರ ಅಗೆತದಲ್ಲಿ ಮಗುವಿನ ಎಡಗಾಲಿನ ಒಂದು ಪಟ್ಟೆಪಟ್ಟೆ ಕಾಲುಚೀಲ ಸಿಕ್ಕಿತು. ಅದು ಸುಮಾರು 1,700 ವರ್ಷ ಹಿಂದಿನದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಚಪ್ಪಲಿಯ ಉಂಗುಟಕ್ಕೆ ಜಾಗವಿರಲೆಂದು ಹೆಬ್ಬೆರಳನ್ನು ಬೇರೆ ಮಾಡಿದ್ದಾರೆ. ಎರಡು ಕಡ್ಡಿಯ ಹೆಣಿಗೆ ಆಗಿನ್ನೂ ಬಂದಿರಲಿಲ್ಲ. ಒಂದೇ ಸೂಜಿಯಿಂದ ಕುಣಿಕೆ ಹಾಕುತ್ತ ಮಾಡಿದ್ದು ಅದು. ಅದಕ್ಕೆ ಧಕ್ಕೆಯಾಗದಂತೆ ಬೇರೆಬೇರೆ ಬೆಳಕಿನಲ್ಲಿ ಚಿತ್ರ ತೆಗೆದು ನೋಡಿದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಪ್ರಕಾರ, ಅಷ್ಟೂ ಪಟ್ಟೆಗಳ ಹಿಂದಿರುವುದು ಮೂರೇ ಗಿಡಗಳು: ಕೆಂಪಿಗೆ ಮ್ಯಾಡರ್ ಬೇರು, ನೀಲಿಗೆ ವೋಡ್, ಹಳದಿಗೆ ವೆಲ್ಡ್. ಉಳಿದ ಬಣ್ಣಗಳೆಲ್ಲ ಇವುಗಳನ್ನು ಒಂದರ ಮೇಲೊಂದು ಅದ್ದಿಯೋ ಬೆರೆಸಿಯೋ ಬಂದವು. ಮ್ಯಾಡರ್ ನಮ್ಮ ಮಂಜಿಷ್ಠದ ಹತ್ತಿರದ ಬಂಧು. ವೋಡ್ ಕೊಡುವ ನೀಲಿಯೂ ನಮ್ಮ ನೀಲಿ ಗಿಡದ ನೀಲಿಯೂ ಒಂದೇ ರಸಾಯನ.

ಇಂದೂ ಗಿಡಬಣ್ಣದಲ್ಲೇ ಕಾಲುಚೀಲದ ನೂಲು ಮಾಡುವವರಿದ್ದಾರೆ. ಉಣ್ಣೆಯನ್ನು ಮೊದಲು ಪಟಿಕದ ನೀರಿನಲ್ಲಿ ಕಾಯಿಸಿ, ಆಮೇಲೆ ಮಂಜಿಷ್ಠದಲ್ಲಿ ಅದ್ದಿದರೆ ಇಟ್ಟಿಗೆಗೆಂಪಿನಿಂದ ಹವಳದವರೆಗೆ ಬಣ್ಣ ಬರುತ್ತದೆ. ಕಬ್ಬಿಣದ ಅಂಶ ಒಂದಿಷ್ಟು ಸೇರಿದರೆ ಅದೇ ಬಣ್ಣ ಕಂದುಗಪ್ಪಿಗೆ ತಿರುಗುತ್ತದೆ. ನೀಲಿಗೆ ಪಟಿಕ ಬೇಡ; ಹಂಡೆಯಿಂದ ಹಳದಿ ಹಸಿರಾಗಿ ಮೇಲೆ ಬಂದ ನೂಲು ಗಾಳಿ ಸೋಕಿದೊಡನೆ ಕಣ್ಣೆದುರೇ ನೀಲಿಯಾಗುತ್ತದೆ. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಹೆನ್ರಿ ಪರ್ಕಿನ್ ಕೃತಕ ನೇರಳೆಯನ್ನು ಕಂಡುಹಿಡಿದ ಮೇಲೆ ಬಣ್ಣಗಳಿಗೆ ಎಣೆಯಿಲ್ಲವಾಯಿತು, ಅದರಿಂದ ನಮಗೆ ಲಾಭವೇ ಆಯಿತು. ಆದರೂ ಗಿಡಬಣ್ಣದ ಮೂರು ಲಡಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವು ಒಂದನ್ನೊಂದು ಎಂದೂ ಚುಚ್ಚುವುದಿಲ್ಲ. ಅವುಗಳ ಈ ಹೊಂದಾಣಿಕೆ ಎಣಿಸಿದಷ್ಟೂ ಇಷ್ಟವಾಗುತ್ತದೆ.

ಈ ನೂಲನ್ನು ಮೊದಲ ಸಲ ಕೊಳ್ಳುವವರಿಗೆ ನನ್ನ ಮಾತು ಇಷ್ಟು. ಸೆಮಿ ಸಾಲಿಡ್ ಆದ ಒಂದು ಲಡಿ ಆರಿಸಿ. ನೈಲಾನ್ ಅಥವಾ ಮೊಹೇರ್ ಬೆರೆತದ್ದೇ, ಬಿಗಿ ಹುರಿಯದ್ದೇ ಇರಲಿ. ಗಾಢ ನೀಲಿ, ಕಡುಗೆಂಪಾದರೆ ಹೆಣೆಯುವ ಮೊದಲು ತಣ್ಣೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ಎಂದು ನೋಡಿ. ಎರಡು ಲಡಿ ಬೇಕಾಗುವ ದೊಡ್ಡ ಕೆಲಸವಾದರೆ ಎರಡು ಸುತ್ತು ಒಂದರಿಂದ, ಎರಡು ಸುತ್ತು ಇನ್ನೊಂದರಿಂದ ಹೆಣೆಯಿರಿ, ವ್ಯತ್ಯಾಸ ಕಾಣದಂತೆ ಬೆರೆಯುತ್ತದೆ. ಮಿಕ್ಕ ಹತ್ತಿಪ್ಪತ್ತು ಗ್ರಾಂ ನೂಲನ್ನು ಎಸೆಯಬೇಡಿ. ಮುಖ್ಯವಾಗಿ, ಲಡಿಯನ್ನು ಚೆಂದವಿದೆಯೆಂದು ಕಪಾಟಿನಲ್ಲಿ ಕಾಪಿಡಬೇಡಿ. ಅಲ್ಲಿ ಅದು ನುಸಿಗೆ ಆಹಾರವಾಗುತ್ತದೆ. ಹೆಣೆಯಿರಿ, ತೊಟ್ಟು ನಡೆಯಿರಿ, ಹಿಮ್ಮಡಿ ತೆಳುವಾದಾಗ ಉಳಿಸಿಟ್ಟ ಅದೇ ನೂಲಿನಿಂದ ರಫು ಮಾಡಿ ಮತ್ತೆ ತೊಡಿ.